ಹದಿಮೂರನೆಯ ಸ್ಥಾನ

ನಿಪ್ಪಾಣಿಯಲ್ಲಿರುವ ನಮ್ಮ ಆಪಾ ಅವರ ಮನೆಯಲ್ಲಿ ಟಿ.ವಿ. ಇರುವ ಕೋಣೆಗೆ ಒಂದೇ ಕಿಟಕಿ. ಬೆಳಕು ಬೀಳುವ ಆ ಜಾಗದಲ್ಲಿ ಆಪಾ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುತ್ತಾರೆ. ಅದೇ ಕೋಣೆಯ ಇನ್ನೊಂದು ಗೋಡೆಗೆ ಒರಗಿ, 2025ರ ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ನಾವು ಮತ್ತು ಆಪಾ ಅವರ ಕಿರಿಯ ಮಗ ಸೇರಿ ಒಂದು ಫುಟ್‌ಬಾಲ್ ತಂಡವನ್ನು ನಡೆಸಿದೆವು. ತಂಡ ಇದ್ದದ್ದು ಟಿ.ವಿ. ಪರದೆಯ ಮೇಲೆ. 24 ಪಂದ್ಯ ಆಡಿದೆವು, 16 ಸೋತೆವು, 5 ಸಮ ಮಾಡಿಕೊಂಡೆವು, 3 ಗೆದ್ದೆವು. 13 ತಂಡಗಳ ಪಟ್ಟಿಯಲ್ಲಿ ನಮ್ಮದು 13ನೆಯ ಸ್ಥಾನ. ನಲವತ್ತು ದಾಟಿದ, ಕಥೆಗಾರನೆಂದು ಕರೆಸಿಕೊಳ್ಳುವ ಮನುಷ್ಯ ಇಂಥದ್ದನ್ನೂ ಬರೆಯುವುದೇ ಎಂದು ಓದುಗರು ಕೇಳಬಹುದು. ನಮಗೂ ಮೊದಲು ಹಾಗೆಯೇ ಅನ್ನಿಸಿತ್ತು.

'ನಾವು' ಎಂಬ ಮಾತಿನ ಬಗ್ಗೆ ಇಲ್ಲಿಯೇ ಹೇಳಿಬಿಡಬೇಕು. ಏಳನೆಯ ತರಗತಿಯವರೆಗೆ ನಾವು ಓದಿದ್ದು ಉರ್ದು ಶಾಲೆಯಲ್ಲಿ. ಒಬ್ಬರೇ ಇದ್ದರೂ ನಮ್ಮ ಉಸ್ತಾದರು ತಮ್ಮನ್ನು 'ಹಮ್' ಎಂದೇ ಹೇಳಿಕೊಳ್ಳುತ್ತಿದ್ದರು. ಆ ರೂಢಿ ನಮ್ಮ ಬರವಣಿಗೆಗೂ ಅಂಟಿಕೊಂಡಿತು. ಕನ್ನಡಕ್ಕೆ ಬಂದ ಮೇಲೂ ಬಿಡಲಿಲ್ಲ. ಹೀಗಾಗಿ ಈ ಬರಹದಲ್ಲಿ 'ನಾವು' ಎಂದರೆ ಕೆಲವು ಕಡೆ ನಾವೊಬ್ಬರೇ, ಕೆಲವು ಕಡೆ ಮಾಮೂ-ಭಾಂಜಾ ಇಬ್ಬರು. ಇನ್ನೊಂದು ಮಾತು: ಮನೆಯೊಳಗೆ ನಾವು ಆಡುವುದು ದಖ್ಖನಿ. ಓದುಗರ ಅನುಕೂಲಕ್ಕಾಗಿ ಹೆಚ್ಚಿನ ಮಾತುಗಳನ್ನು ಈ ಕಡೆಯ ಕನ್ನಡಕ್ಕೆ ತಂದಿದ್ದೇವೆ.

ಹುಡುಗ ಹತ್ತನೆಯ ತರಗತಿಯಲ್ಲಿದ್ದ. ಮೇ 2ರಂದು ಫಲಿತಾಂಶ ಬಂತು, ಗಣಿತ ಹೋಗಿತ್ತು. ಮನೆಯವರಿಗೆ ಅದು ಗೊತ್ತಾಗಿದ್ದು ಒಂದು ವಾರದ ನಂತರ. ಅಲ್ಲಿಯವರೆಗೆ 'ಸೈಟು ತೆರೀವಲ್ದು' ಎನ್ನುತ್ತ ಕಾಲ ತಳ್ಳಿದ್ದ. 2024ರಿಂದ ನಮ್ಮ ರಾಜ್ಯದಲ್ಲಿ ವರ್ಷಕ್ಕೆ ಮೂರು ಪರೀಕ್ಷೆಗಳ ಏರ್ಪಾಡಿತ್ತು. ಮೊದಲನೆಯದರಲ್ಲಿ ಹೋದವರು ಎರಡನೆಯದಕ್ಕೆ ಕೂರಬಹುದಿತ್ತು, ಅದೂ ಹೋದರೆ ಮೂರನೆಯದಕ್ಕೆ. ಎರಡನೆಯ ಪರೀಕ್ಷೆ ಮೇ ಕೊನೆಯ ವಾರ ಶುರುವಾಯಿತು. ಗಣಿತದ ದಿನ ಹುಡುಗ ಹಾಲ್ ಟಿಕೆಟ್ ಜೇಬಿನಲ್ಲಿಟ್ಟುಕೊಂಡು, ಅಮ್ಮೀಗೆ ಸಲಾಮ್ ಹೇಳಿ ಹೊರಟ. ಮೂರು ತಾಸು ಬಸ್ ಸ್ಟ್ಯಾಂಡಿನಲ್ಲಿ ಕುಳಿತು, ಕೊಲ್ಲಾಪುರದ ಬಸ್ಸುಗಳು ಬರುವುದನ್ನೂ ಹೋಗುವುದನ್ನೂ ನೋಡಿ, ಮನೆಗೆ ಬಂದು 'ಪೇಪರ್ ಚೊಲೋ ಹೋತು' ಎಂದ. ಓಣಿಯ ಒಬ್ಬರು ಅವನನ್ನು ಅಲ್ಲಿ ನೋಡಿದ್ದರು.

ನಾವು ಇರುವುದು ಚಿಕ್ಕೋಡಿಯಲ್ಲಿ. ಆಪಾ ಫೋನ್ ಮಾಡಿ ಅಳುತ್ತಿದ್ದಂತೆ ಬಸ್ಸು ಹಿಡಿದು ಹೋದೆವು. ದುಲ್ಹಾಭಾಯಿ ಹೊರಗಿನ ಕಟ್ಟೆಯ ಮೇಲೆ ಕುಳಿತಿದ್ದರು. ಆಗಲೇ ತೀರ್ಮಾನ ಮಾಡಿಬಿಟ್ಟಿದ್ದರು: ಇಚಲಕರಂಜಿಯ ಮಗ್ಗದಲ್ಲಿ ಪರಿಚಯದವರಿದ್ದಾರೆ, ಬರುವ ತಿಂಗಳಿಂದ ಅಲ್ಲಿಗೆ ಕಳಿಸುವುದು. ಒಳಗೆ ಬಂದು ಆಪಾಗೆ ಹೇಳಿದ್ದು ಒಂದೇ ಮಾತು: 'ತೇರಾ ಬೇಟಾ ಹೈ, ತೂ ದೇಖ್.' ನಿನ್ನ ಮಗ, ನೀನೇ ನೋಡಿಕೋ.

ಆ ಮಾತು ನಮಗೆ ಹೊಸದಾಗಿರಲಿಲ್ಲ. ಎಂಟನೆಯ ತರಗತಿಗೆ ನಾವು ಉರ್ದುವಿನಿಂದ ಕನ್ನಡ ಶಾಲೆಗೆ ಬಂದವರು. 1996ರಲ್ಲಿ ಹತ್ತನೆಯದರಲ್ಲಿ ಫೇಲಾದೆವು, ಅದೂ ಕನ್ನಡದಲ್ಲಿ. ನಮಗೆ ಲ ಮತ್ತು ಳ ಎರಡೂ ಒಂದೇ ಆಗಿದ್ದವು. 'ಹಳ್ಳಿಗಳಲ್ಲಿ ರೈತರು ವಾಸಿಸುತ್ತಾರೆ' ಎಂದು ಬರೆಯುವಲ್ಲಿ 'ಹಲ್ಲಿಗಳಲ್ಲಿ' ಎಂದು ಬರೆಯುತ್ತಿದ್ದೆವು. ತಂಬಾಕಿನ ವಖಾರದಲ್ಲಿ ಕೆಲಸ ಮಾಡುತ್ತಿದ್ದ ನಮ್ಮ ಅಬ್ಬಾ, ನಾವು ಪಾಸಾದ ವರ್ಷಗಳಲ್ಲಿ 'ಹಮಾರಾ ಬೇಟಾ' ಎನ್ನುತ್ತಿದ್ದರು. ಆ ವರ್ಷ ಅಮ್ಮೀಯ ಕಡೆ ತಿರುಗಿ 'ತೇರಾ ಬೇಟಾ' ಎಂದರು. ಕನ್ನಡದ ಮೇಷ್ಟರೊಬ್ಬರು ನಮ್ಮನ್ನು ಮನೆಗೆ ಕರೆಸಿ, ಚಾಪೆ ಹಾಸಿ, 'ನಾವು ಎಲ್ಲಿ ತಪ್ಪಿದ್ವಿ ನೋಡೋಣು ಬಾ' ಎಂದು ಹಳೆಯ ಪ್ರಶ್ನೆಪತ್ರಿಕೆ ಬಿಚ್ಚಿದ್ದರು. ತಪ್ಪಿದ್ದು ನಾವೊಬ್ಬರೇ. ಅವರು 'ನಾವು' ಎಂದದ್ದು ಏಕೆಂದು ಆಗ ಹೊಳೆಯಲಿಲ್ಲ. ಆರು ತಿಂಗಳ ನಂತರ ಪಾಸಾದೆವು.

ಆ ಸಂಜೆ ಹುಡುಗ ಯಾರೊಡನೆಯೂ ಮಾತನಾಡಲಿಲ್ಲ. ಪುಣೆಯಲ್ಲಿ ಕೆಲಸದಲ್ಲಿರುವ ಅವನ ಅಣ್ಣ ಬಿಟ್ಟು ಹೋದ ಹಳೆಯ ಪ್ಲೇಸ್ಟೇಷನ್ ಮುಂದೆ ಕುಳಿತ. ನಾವೂ ಪಕ್ಕದಲ್ಲಿ ಕುಳಿತೆವು. ಬೇರೆ ಏನು ಮಾಡಬೇಕೆಂದು ಗೊತ್ತಾಗಲಿಲ್ಲ. ಅವನು ಆಡುತ್ತಿದ್ದದ್ದು 'ಇಎ ಸ್ಪೋರ್ಟ್ಸ್ ಎಫ್‌ಸಿ 25'. 1993ರಿಂದ 'ಫಿಫಾ' ಎಂಬ ಹೆಸರಿನಲ್ಲಿ ವರ್ಷವರ್ಷವೂ ಬರುತ್ತಿದ್ದ ಆಟಕ್ಕೆ 2023ರಿಂದ ಈ ಹೆಸರು. ಅವನ ತಂಡ ರಿಯಲ್ ಮ್ಯಾಡ್ರಿಡ್. ಎಂಬಾಪೆಗೆ ಚೆಂಡು ಕೊಟ್ಟು ಓಡಿಸುವುದು, ಗೋಲು ಹೊಡೆಯುವುದು, ಇಷ್ಟೇ. ನಾಲ್ಕು ಪಂದ್ಯ ಗೆದ್ದ. ಐದನೆಯದರಲ್ಲಿ ಎದುರಾಳಿ ಎರಡು ಗೋಲು ಮುಂದೆ ಹೋಯಿತು. ಹುಡುಗ ಎದ್ದು ಸ್ವಿಚ್ ಆರಿಸಿಬಿಟ್ಟ.

'ಯಾಕೋ?' ಎಂದೆವು.

'ಆರಿಸಿದ್ರ ಸೋತಿದ್ದು ಬರಂಗಿಲ್ರಿ ಮಾಮೂ. ಮತ್ತ ಹಚ್ಚಿದ್ರ ಮೊದಲಿನಿಂದ ಆಡಬೌದು.'

ನಮಗೆ ಬಸ್ ಸ್ಟ್ಯಾಂಡು ನೆನಪಾಯಿತು. ಬಾಯಿ ಬಿಡಲಿಲ್ಲ.

ನಿಪ್ಪಾಣಿಯ ಹುಡುಗರಿಗೆ ಫುಟ್‌ಬಾಲ್ ಹುಚ್ಚು ಎಲ್ಲಿಂದ ಬಂತೆಂದು ಅಥಣಿ, ರಾಯಬಾಗದ ಕಡೆಯ ನೆಂಟರು ಆಗಾಗ ಕೇಳುತ್ತಾರೆ. ಅಲ್ಲೆಲ್ಲ ಕ್ರಿಕೆಟ್ ಇಲ್ಲವೆ ಕಬಡ್ಡಿ. ಕೊಲ್ಲಾಪುರ ಇಲ್ಲಿಂದ ಸುಮಾರು 40 ಕಿ.ಮೀ. ಅಲ್ಲಿಯ ಪೇಟೆಗಳ ತಾಲೀಮುಗಳು ಕುಸ್ತಿಯ ಜೊತೆಗೆ ಫುಟ್‌ಬಾಲ್ ತಂಡಗಳನ್ನೂ ಕಟ್ಟಿಕೊಂಡು ಬಂದಿವೆ: ಪಾಟಾಕಡೀಲ್ ತಾಲೀಮ್, ದಿಲ್‌ಬಹಾರ್ ತಾಲೀಮ್, ಬಾಲಗೋಪಾಲ್ ತಾಲೀಮ್. ಇವು ಎದುರುಬದುರಾದ ದಿನ ಶಾಹೂ ಸ್ಟೇಡಿಯಂ ತುಂಬುತ್ತದೆ. 2017ರಲ್ಲಿ ನಮ್ಮ ದೇಶದಲ್ಲಿ ನಡೆದ 17 ವರ್ಷದೊಳಗಿನವರ ವಿಶ್ವಕಪ್ಪಿನಲ್ಲಿ ಆಡಿದ ಅನಿಕೇತ್ ಜಾಧವ್ ಆ ಊರಿನ ಹುಡುಗ. ಭಾರತ ಆ ಕಪ್ಪಿನಲ್ಲಿ ಆಡಿದ ಮೂರೂ ಪಂದ್ಯ ಸೋತಿತು. ಹೊಡೆದದ್ದು ಒಂದೇ ಗೋಲು, ಕೊಲಂಬಿಯಾದ ವಿರುದ್ಧ ಜೀಕ್ಸನ್ ಸಿಂಗ್ ಹೊಡೆದದ್ದು. ಆ ಒಂದು ಗೋಲಿನ ವಿಡಿಯೊ ನಮ್ಮ ಹುಡುಗನ ಫೋನಿನಲ್ಲಿ ಇನ್ನೂ ಇದೆ.

ಜೂನ್ 1, ಭಾನುವಾರ. ನಾವು ಮತ್ತೆ ಹೋದೆವು. 'ನಮಗೂ ಕಲಿಸು' ಎಂದೆವು. ಅವನು ನಕ್ಕ, ಫಲಿತಾಂಶದ ನಂತರ ಮೊದಲ ಸಲ. ತಂಡಗಳ ಪಟ್ಟಿ ತೆರೆದ. ಇಂಗ್ಲೆಂಡು, ಸ್ಪೇನು, ಇಟಲಿ ದಾಟಿ ಭಾರತದ ಇಂಡಿಯನ್ ಸೂಪರ್ ಲೀಗ್ ಬಂತು. ಅದರಲ್ಲೊಂದು ಹೆಸರು ನೋಡಿ ನಾವು 'ನಿಲ್ಲು' ಎಂದೆವು. ಮೊಹಮ್ಮಡನ್ ಸ್ಪೋರ್ಟಿಂಗ್.

'ಇದಾ? ಮಾಮೂ, ಇದು ಭಾಳ ಹಾಳು ಟೀಮ್. ಎಲ್ಲಾದ್ರಕಿಂತ ತಳಕ್ಕೈತಿ.'

ಆ ಹೆಸರನ್ನು ನಾವು ಕೇಳಿದ್ದು ನಮ್ಮ ದಾದಾ ಬಾಯಿಂದ. ಯೌವನದಲ್ಲಿ ಅವರು ಮುಂಬಯಿಯ ಗಿರಣಿಯೊಂದರಲ್ಲಿದ್ದರು. ಆಗ ಹೆಚ್ಚಿನ ಭಾರತೀಯ ಆಟಗಾರರು ಬರಿಗಾಲಲ್ಲಿ ಆಡುತ್ತಿದ್ದ ಕಾಲ. ಮಳೆ ಬಿದ್ದು ಮೈದಾನ ಕೆಸರಾದರೆ ಬೂಟು ಹಾಕಿದ ಗೋರಾ ಪಲ್ಟನ್ನಿನವರಿಗೇ ಗೆಲುವು. ಮೊಹಮ್ಮಡನ್‌ನವರು ಒದ್ದೆ ಮೈದಾನದಲ್ಲಿ ಬೂಟು ಹಾಕಿ ಆಡಿದರು. 1934ರಲ್ಲಿ ಕಲ್ಕತ್ತಾ ಲೀಗ್ ಗೆದ್ದ ಮೊದಲ ಭಾರತೀಯ ತಂಡವಾದರು. 1938ರವರೆಗೆ ಐದು ವರ್ಷ ಬಿಡದೆ ಗೆದ್ದರು. 1940ರಲ್ಲಿ ದಿಲ್ಲಿಯಲ್ಲಿ ರಾಯಲ್ ವಾರ್ವಿಕ್‌ಶೈರ್ ರೆಜಿಮೆಂಟನ್ನು ಸೋಲಿಸಿ ಡ್ಯೂರಾಂಡ್ ಕಪ್ ಗೆದ್ದ ಮೊದಲ ಭಾರತೀಯ ತಂಡವೂ ಅದೇ. ನಡುವೆ 1937ರಲ್ಲಿ ಮುಂಬಯಿಯ ರೋವರ್ಸ್ ಕಪ್ಪಿನ ಫೈನಲಿಗೆ ಬಂದಾಗ ಎದುರು ನಿಂತದ್ದು ನಮ್ಮ ನಾಡಿನ ಬೆಂಗಳೂರು ಮುಸ್ಲಿಮ್ಸ್ ತಂಡ. ಗೆದ್ದದ್ದೂ ಅವರೇ, ಆ ಕಪ್ ಗೆದ್ದ ಮೊದಲ ಭಾರತೀಯ ತಂಡ ಅದು. 'ಆ ದಿನ ಎರಡೂ ಕಡೆ ನಮ್ಮವರೇ. ನಗಬೇಕೋ ಅಳಬೇಕೋ ತಿಳೀಲಿಲ್ಲ' ಎಂದು ದಾದಾ ಹೇಳುತ್ತಿದ್ದರು.

ಅಂಥ ತಂಡ ಐ-ಲೀಗ್ ಗೆದ್ದು 2024ರಲ್ಲಿ ಸೂಪರ್ ಲೀಗಿಗೆ ಬಂತು. ಬಂದ ಮೊದಲ ಹಂಗಾಮಿನಲ್ಲಿ 24 ಪಂದ್ಯಗಳಿಂದ 13 ಅಂಕ, 2 ಗೆಲುವು, ಕೊನೆಯ ಸ್ಥಾನ. ಸಂಬಳ ಸಮಯಕ್ಕೆ ಬಾರದ ಗಲಾಟೆಯಲ್ಲಿ ಕೋಚ್ ಆಂದ್ರೆ ಚೆರ್ನಿಶೋವ್ 2025ರ ಜನವರಿಯಲ್ಲಿ ಬಿಟ್ಟು ಹೋದರು. ಆದರೆ ಅದೇ ಜನವರಿ 11ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ, ಪಂದ್ಯ ಮುಗಿಯುವ ಹೊತ್ತಿಗೆ, ಉಜ್ಬೇಕಿಸ್ತಾನದ ಮಿರ್ಜಲೋಲ್ ಕಾಸಿಮೋವ್ ಒಂದು ಫ್ರೀ ಕಿಕ್ ಹೊಡೆದು ಬೆಂಗಳೂರು ಎಫ್‌ಸಿಯನ್ನು 1-0ರಿಂದ ಸೋಲಿಸಿದ. ದಾದಾ ಇದ್ದಿದ್ದರೆ ಮತ್ತೆ ಅದೇ ಫಜೀತಿ.

ಇದನ್ನೆಲ್ಲ ಹೇಳಿದಾಗ ಹುಡುಗ ಫೋನಿನಲ್ಲಿ ಆ ಫ್ರೀ ಕಿಕ್ ಹುಡುಕಿ ತೆಗೆದ. ಮೂರು ಸಲ ನೋಡಿದ. 'ಆಡೋಣ್ರಿ' ಎಂದ.

ಶರತ್ತುಗಳನ್ನು ಹಾಕಿದೆವು. ಒಂದು, ಸೋಲುವಾಗ ಸ್ವಿಚ್ ಆರಿಸಬಾರದು. ಎರಡು, ಮೊದಲರ್ಧ ಅವನು, ಎರಡನೆಯ ಅರ್ಧ ನಾವು. ಸರಿಯಾಗಿ ನಡೆಯುವ ಕಂಟ್ರೋಲರ್ ಇದ್ದದ್ದು ಒಂದೇ. ಮೂರು, ಪ್ರತಿ ಪಂದ್ಯದ ಫಲಿತಾಂಶವನ್ನು ಬರೆದಿಡಬೇಕು. ಬರೆಯಲು ಸಿಕ್ಕಿದ್ದು ಆಪಾ ಬೀಡಿಯ ಲೆಕ್ಕ ಇಡುವ ನೋಟ್‌ಬುಕ್. ಅದನ್ನು ತಿರುಗಿಸಿ ಹಿಂದಿನ ಹಾಳೆಯಿಂದ ಶುರು ಮಾಡಿದೆವು.

ಮೊದಲ ಪಂದ್ಯ ಮುಂಬಯಿ ವಿರುದ್ಧ, 0-4. ಎರಡನೆಯದು ಗೋವಾ, 0-3. ಮೂರನೆಯದು 1-5.

ಕೆಟ್ಟ ತಂಡ ಎಂದರೆ ಏನೆಂದು ಆಟ ಆಡಿದರೇ ಗೊತ್ತಾಗುವುದು. ಈ ಆಟದಲ್ಲಿ ಪ್ರತಿಯೊಬ್ಬ ಆಟಗಾರನಿಗೂ ಅಂಕ ಇದೆ. ಎಂಬಾಪೆಗೆ 91. ನಮ್ಮವರೆಲ್ಲ 50, 60ರ ಆಸುಪಾಸಿನವರು. ಎಂಬಾಪೆಯ ಕಾಲಿಗೆ ಬಂದ ಚೆಂಡು ಅಂಟಿದಂತೆ ನಿಲ್ಲುತ್ತದೆ. ನಮ್ಮವನ ಕಾಲಿಗೆ ಬಂದದ್ದು ಗೋಡೆಗೆ ಬಡಿದಂತೆ ಮುಂದಕ್ಕೆ ಪುಟಿಯುತ್ತದೆ. ಬಟನ್ ಒತ್ತಿದ ಮೇಲೆ ನಮ್ಮ ಬ್ಯಾಕ್ ತಿರುಗುವಷ್ಟರಲ್ಲಿ ಎದುರಾಳಿ ದಾಟಿ ಹೋಗಿರುತ್ತಾನೆ. ಎಪ್ಪತ್ತನೆಯ ನಿಮಿಷಕ್ಕೆ ಅರ್ಧ ತಂಡ ಉಸಿರು ಬಿಡುತ್ತಿರುತ್ತದೆ. ಹೊಸ ಆಟಗಾರರನ್ನು ಕೊಳ್ಳೋಣವೆಂದರೆ ಕೈಯಲ್ಲಿ ದುಡ್ಡಿಲ್ಲ. ಇದರ ಮೇಲೆ ಎರಡನೆಯ ಅರ್ಧದಲ್ಲಿ ನಾವು. ಚೆಂಡು ಪಾಸ್ ಮಾಡುವ ಬಟನ್ನಿನ ಬದಲು ಬೇರೆಯದನ್ನು ಒತ್ತಿ ನಮ್ಮದೇ ಡಿ-ಬಾಕ್ಸಿನಲ್ಲಿ ಕಾಲು ಹಾಕಿ ಬೀಳಿಸಿ ಎರಡು ಪೆನಾಲ್ಟಿ ಕೊಟ್ಟೆವು.

ಮೂರನೆಯ ಪಂದ್ಯದ ನಂತರ ಹುಡುಗ ಸ್ವಿಚ್ಚಿನ ಕಡೆ ನೋಡಿದ. ಎದ್ದು ನಿಂತ. ಕಿಟಕಿಯ ಕೆಳಗಿಂದ ಆಪಾ ತಲೆ ಎತ್ತದೆ ಹೇಳಿದರು: 'ಬರಕೊಳ್ರಿ. ನಾನು ಕಟ್ಟಿದ್ದರಾಗ ತಗದ ಒಗದದ್ದನ್ನೂ ಬರಕೊಂತೀನಿ. ಅದನ್ನ ಬಿಟ್ಟು ಬರದ್ರ ವಾರದ ಲೆಕ್ಕ ಹತ್ತಂಗಿಲ್ಲ.' ಬೀಡಿ ಎಣಿಸಿ ತೆಗೆದುಕೊಳ್ಳುವಾಗ ಸರಿಯಿಲ್ಲವೆಂದು ಬೇರೆ ಇಡುವ ಬೀಡಿಗೆ ಕೂಲಿಯಿಲ್ಲ. ನೋಟ್‌ಬುಕ್ಕಿನ ಮುಂದಿನ ಹಾಳೆಗಳಲ್ಲಿ ಅವೂ ಇದ್ದವು, ದಿನದಿನದ ತಾರೀಖಿನೊಂದಿಗೆ. ಹುಡುಗ ಅದನ್ನು ನೋಡಿದ್ದು ಅದೇ ಮೊದಲು. ಕುಳಿತು 1-5 ಎಂದು ಬರೆದ.

ಇಂಥ ತಂಡ ಜಗತ್ತಿನಲ್ಲಿ ನಮ್ಮದೊಂದೇ ಅಲ್ಲ. ಇಂಗ್ಲೆಂಡಿನ ಪ್ರೀಮಿಯರ್ ಲೀಗಿನಲ್ಲಿ 2007-08ರಲ್ಲಿ ಡರ್ಬಿ ಕೌಂಟಿ ಎಂಬ ತಂಡ 38 ಪಂದ್ಯ ಆಡಿ ಒಂದೇ ಒಂದು ಗೆದ್ದಿತು, 11 ಅಂಕ. ಆ ಲೀಗಿನ ಇತಿಹಾಸದಲ್ಲೇ ಅತಿ ಕಡಿಮೆ. ಕೊಲ್ಕತ್ತೆಯ ಈಸ್ಟ್ ಬೆಂಗಾಲ್ ಕೂಡ 2021-22ರ ಸೂಪರ್ ಲೀಗಿನಲ್ಲಿ ಒಂದೇ ಪಂದ್ಯ ಗೆದ್ದು, 11 ಅಂಕದೊಂದಿಗೆ ತಳದಲ್ಲಿ ನಿಂತಿತ್ತು. ನಮಗೆ ಸೋಜಿಗವೆನಿಸಿದ್ದು ಡರ್ಬಿಯ ಜನ. ವಾರ ವಾರ ಸೋಲುವುದನ್ನು ನೋಡಲು ಆ ವರ್ಷ ಅವರ ಮೈದಾನಕ್ಕೆ ಸರಾಸರಿ 32 ಸಾವಿರಕ್ಕೂ ಹೆಚ್ಚು ಮಂದಿ ಬಂದಿದ್ದರು.

ಇದಕ್ಕೆ ವಿರುದ್ಧವಾದದ್ದನ್ನೂ ಹೇಳಬೇಕು. 1976ರಲ್ಲಿ ರಾಬರ್ಟ್ ಚಾಲ್ಡೀನಿ ಎಂಬ ಮನಶ್ಶಾಸ್ತ್ರಜ್ಞರು ಮತ್ತು ಸಂಗಡಿಗರು ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ನಡೆಸಿದ ಒಂದು ಅಧ್ಯಯನ ಪ್ರಕಟಿಸಿದರು. ತಮ್ಮ ಕಾಲೇಜಿನ ತಂಡ ಗೆದ್ದ ನಂತರದ ಸೋಮವಾರ, ಕಾಲೇಜಿನ ಹೆಸರಿರುವ ಅಂಗಿ ತೊಟ್ಟು ಬರುವ ವಿದ್ಯಾರ್ಥಿಗಳು ಹೆಚ್ಚು. ಪಂದ್ಯದ ಬಗ್ಗೆ ಕೇಳಿದರೆ, ಗೆದ್ದಾಗ 'ನಾವು' ಎಂದವರು ಸೋತಾಗ ಹಾಗೆನ್ನುವುದು ಕಡಿಮೆ. ಆಗ ತಂಡ 'ಅವರು' ಆಗುತ್ತದೆ. ಇದಕ್ಕೆ ಅಮೆರಿಕಕ್ಕೆ ಹೋಗಬೇಕಾಗಿರಲಿಲ್ಲ. ನಮ್ಮ ಅಬ್ಬಾ ಇದನ್ನು ಒಂದೇ ವಾಕ್ಯದಲ್ಲಿ ಮಾಡಿ ತೋರಿಸಿದ್ದರು. ನಾವೂ ಸಾಚಾ ಅಲ್ಲ. ಮೊದಲ ಭಾನುವಾರ ಚಿಕ್ಕೋಡಿಗೆ ಮರಳಿದಾಗ ಮನೆಯಲ್ಲಿ 'ಆಟ ಹೇಗಾಯಿತು' ಎಂದು ಕೇಳಿದರು. 'ಹುಡುಗ ಸೋತ' ಎಂದುಬಿಟ್ಟೆವು. ಎರಡು ಪೆನಾಲ್ಟಿ ಕೊಟ್ಟವರು ನಾವು.

ಜೂನ್ 7ರಂದು ಬಕ್ರೀದ್. ರಾಯಬಾಗ ತಾಲೂಕಿನ ಕುಡಚಿಯಿಂದ ಖಾಲಾನ ಮಕ್ಕಳು, ಅಥಣಿಯಿಂದ ಫೂಫೀಯ ಮೊಮ್ಮಕ್ಕಳು, ಕಾಗವಾಡದ ಕಡೆಯಿಂದ ದುಲ್ಹಾಭಾಯಿಯ ತಮ್ಮನ ಸಂಸಾರ, ಎಲ್ಲರೂ ಸಂಜೆಗೆ ಆಪಾ ಮನೆಯಲ್ಲಿ. ಇಂಥ ದಿನ ಹತ್ತನೆಯ ತರಗತಿಯ ಮಕ್ಕಳಿಗೆ ಕೇಳುವ ಪ್ರಶ್ನೆ ಒಂದೇ. ನಾವು ಅದಕ್ಕೇ ಹೆದರಿದ್ದೆವು. ಕೇಳಿದರು. ಹುಡುಗ 'ಗಣಿತ ಹೋಗ್ಯಾದ' ಎಂದು ಹೇಳಿ ಮಾಂಸದ ಪಾಲಿನ ಚೀಲ ಹಿಡಿದು ಓಣಿಗೆ ನಡೆದ.

ರಾತ್ರಿ ಹುಡುಗರೆಲ್ಲ ಟಿ.ವಿ. ಕೋಣೆಯಲ್ಲಿ ಸೇರಿದರು. ನಮ್ಮ ತಂಡವನ್ನು ಕಂಡು ಗೊಳ್ಳೆಂದು ನಕ್ಕರು. ಅಥಣಿಯವನು ಬಟನ್ ಸಿಕ್ಕಿಕೊಳ್ಳುವ ಎರಡನೆಯ ಕಂಟ್ರೋಲರನ್ನು ತಾನೇ ತೆಗೆದುಕೊಂಡು, 'ನಾನು ರಿಯಲ್ ಮ್ಯಾಡ್ರಿಡ್, ನೀ ನಿನ್ನ ಟೀಮ್ ತಗೋ' ಎಂದ. ಲೀಗಿಗೆ ಸೇರದ ಒಂದು ಪಂದ್ಯ. ಅರ್ಧಕ್ಕೆ 0-5. ನಾವು ಸ್ವಿಚ್ಚಿನ ಕಡೆ ನೋಡುತ್ತಿದ್ದೆವು. ಹುಡುಗ ಕಂಟ್ರೋಲರನ್ನು ನಮ್ಮ ಕೈಗೆ ಕೊಟ್ಟು 'ನಿಮ್ಮ ಪಾಳಿರಿ ಮಾಮೂ' ಎಂದ. ಕೊನೆಗೆ 0-8. ಎಲ್ಲರೂ ಹೋದ ಮೇಲೆ ಆಪಾ ಪಾತ್ರೆ ತೊಳೆಯುತ್ತ ಕೇಳಿದರು: 'ಎಷ್ಟಕ್ಕ ಸೋತ್ವಿ?'

ಆಪಾ ಫುಟ್‌ಬಾಲ್ ನೋಡಿದವರಲ್ಲ. ಯಾವ ಬಣ್ಣದ ಅಂಗಿಯವರು ನಮ್ಮವರೆಂದೂ ಅವರಿಗೆ ಗೊತ್ತಿರಲಿಲ್ಲ. 'ಸೋತ್ರಿ' ಎನ್ನಬಹುದಿತ್ತು. 'ಸೋತ್ವಿ' ಎಂದರು.

ಅಲ್ಲಿಂದ ಮುಂದೆ ಆಟ ಸ್ವಲ್ಪ ಬದಲಾಯಿತು. ನಮ್ಮವರಿಗೆ ಓಟವಿಲ್ಲ ಎಂಬುದನ್ನು ಒಪ್ಪಿಕೊಂಡೆವು. ಎದುರಾಳಿಯ ಹಿಂದೆ ಓಡುವುದನ್ನು ಬಿಟ್ಟು, ನಾಲ್ವರ ಎರಡು ಸಾಲುಗಳನ್ನು ಗೋಲಿನ ಮುಂದೆ ನಿಲ್ಲಿಸಿದೆವು. ಚೆಂಡು ಬಂದ ಕೂಡಲೇ ಇಟ್ಟುಕೊಳ್ಳದೆ ದಾಟಿಸಿದೆವು. ನೋಡುವವರಿಗೆ ಬಹಳ ಬೇಸರದ ಆಟ. ಏಳನೆಯ ಪಂದ್ಯ 0-0 ಆದಾಗ ಹುಡುಗ ಎದ್ದು ಕುಣಿದ. ಕಟ್ಟೆಯ ಮೇಲಿದ್ದ ದುಲ್ಹಾಭಾಯಿ ಏನಾಯಿತೆಂದು ಒಳಗೆ ಇಣುಕಿದರು. ಒಂಬತ್ತನೆಯ ಪಂದ್ಯದಲ್ಲಿ ಕಾರ್ನರ್ ಕಿಕ್ಕಿನಿಂದ ಯಾರದೋ ತಲೆಗೆ ತಾಗಿದ ಚೆಂಡು ಗೋಲಿನೊಳಗೆ ಹೋಗಿ ಪಂಜಾಬ್ ತಂಡದ ಮೇಲೆ 1-0ರಿಂದ ಗೆದ್ದೆವು. ಅದರ ಮರುಪಂದ್ಯ 0-3. ಕಾಸಿಮೋವ್‌ನ ಹಾಗೆ ಫ್ರೀ ಕಿಕ್ ಹೊಡೆಯಬೇಕೆಂದು ಹುಡುಗ ಹಂಗಾಮಿನುದ್ದಕ್ಕೂ ನೋಡಿದ. ಹೊಡೆದದ್ದೆಲ್ಲ ಆಕಾಶಕ್ಕೆ. ಒಂದೇ ಒಂದು ಸಲ ಹೋಯಿತು, ನಾವು ಆಗಲೇ 0-4ರಿಂದ ಸೋಲುತ್ತಿದ್ದ ಪಂದ್ಯದಲ್ಲಿ. ಬೆಂಗಳೂರಿನ ವಿರುದ್ಧ ಎರಡೂ ಪಂದ್ಯ ಸೋತೆವು.

ನಡುವೆ ನಾವು ಒಂದು ಬುದ್ಧಿವಂತಿಕೆ ಮಾಡಲು ಹೋದೆವು. ಹೊಡೆದ ಗೋಲಿನಿಂದ ಬಿಟ್ಟುಕೊಟ್ಟ ಗೋಲು ಕಳೆದರೆ ನಮ್ಮದು ಮೈನಸ್ 26 ಆಗಿತ್ತು. 'ನೋಡು, ಇದೇ ಋಣ ಸಂಖ್ಯೆ. ಇನ್ನು ಪಂದ್ಯಕ್ಕೆ ಸರಾಸರಿ ಎಷ್ಟು ತೆಗಿ' ಎಂದೆವು. ಹುಡುಗ ನಮ್ಮ ಮುಖ ನೋಡಿದ. 'ಮಾಮೂ, ಆಟದಾಗ ಸಾಲಿ ತರಬ್ಯಾಡ್ರಿ' ಎಂದ. ತೆಪ್ಪಗಾದೆವು. ಆದರೆ ಮರುವಾರ ಹೋದಾಗ ಅವನೇ ಗಣಿತದ ಪುಸ್ತಕ ಹೊರಗಿಟ್ಟಿದ್ದ. ಎರಡು ಪಂದ್ಯ, ಆಮೇಲೆ ಒಂದು ಅಧ್ಯಾಯ, ಮತ್ತೆ ಎರಡು ಪಂದ್ಯ. ನಮಗೂ ಗಣಿತ ಅಷ್ಟಕ್ಕಷ್ಟೇ. ಇಬ್ಬರೂ ಕೂಡಿಯೇ ತಪ್ಪಿದೆವು, ಉತ್ತರ ನೋಡಿದೆವು, ಮತ್ತೆ ಮಾಡಿದೆವು.

ಜುಲೈ ಮೊದಲ ವಾರ ಮೂರನೆಯ ಪರೀಕ್ಷೆ ಶುರುವಾಯಿತು. ಗಣಿತದ ದಿನ ದುಲ್ಹಾಭಾಯಿ ಹುಡುಗನನ್ನು ತಮ್ಮ ಗಾಡಿಯ ಮೇಲೆ ಕರೆದುಕೊಂಡು ಹೋಗಿ ಬಿಟ್ಟರು. ಬಿಟ್ಟು ಮರಳಿ ಬರಲಿಲ್ಲ. ಎದುರಿನ ಚಹಾದಂಗಡಿಯಲ್ಲಿ ಪರೀಕ್ಷೆ ಮುಗಿಯುವವರೆಗೂ ಕುಳಿತಿದ್ದರಂತೆ. ಕಾವಲಿಗೆ ಕುಳಿತರೋ ಜೊತೆಗೆ ಕುಳಿತರೋ ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ. ಪರೀಕ್ಷೆಯ ನಂತರ ಉಳಿದ ನಾಲ್ಕು ಪಂದ್ಯ ಆಡಿ ಮುಗಿಸಿದೆವು. ಮೂರು ಸೋಲು, ಒಂದು ಗೆಲುವು. ಒಟ್ಟು 14 ಅಂಕ. 'ಖರೇ ಮೊಹಮ್ಮಡನ್‌ಕಿಂತ ಒಂದು ಜಾಸ್ತಿ!' ಎಂದು ಹುಡುಗ ನೋಟ್‌ಬುಕ್ಕಿನಲ್ಲಿ ಅಂಡರ್‌ಲೈನ್ ಮಾಡಿದ.

ಫಲಿತಾಂಶ ಬಂದ ದಿನ ನಾವು ಚಿಕ್ಕೋಡಿಯಲ್ಲಿದ್ದೆವು. ಫೋನ್ ಬಂತು. ಆಪಾ ಅಲ್ಲ, ದುಲ್ಹಾಭಾಯಿ ಅಲ್ಲ, ಹುಡುಗನೇ. ಫಲಿತಾಂಶ ಬಂದು ಹತ್ತು ನಿಮಿಷವೂ ಆಗಿರಲಿಲ್ಲ.

'ಹಾರ್ ಗಯೇ ಮಾಮೂ' ಎಂದ. 'ಮೂರು ಮಾರ್ಕ್ಸ್ ಕಡಿಮಿ.'

ಆ ಮಾತನ್ನು ಕನ್ನಡಕ್ಕೆ ತಾರದೆ ಹಾಗೆಯೇ ಬಿಟ್ಟಿದ್ದೇವೆ. ಒಬ್ಬನೇ ಸೋತಿದ್ದರೆ 'ಹಾರ್ ಗಯಾ'. ಅವನು 'ಗಯೇ' ಎಂದಿದ್ದ. ನಮಗೆ ಗಂಟಲು ಕಟ್ಟಿತು. 'ಅಬ್ಬಾಗೆ ಹೇಳಿದೆಯಾ?' ಎಂದು ಕೇಳಿದೆವು. 'ಅವರ ಬಾಜೂಕ ನಿಂತೇ ನೋಡಿದ್ದು' ಎಂದ. 'ಏನಂದರು?' 'ಮೂರ ಅಲ್ಲ, ಅಂದ್ರು.' ಫೋನಿನಲ್ಲಿ ಮೊರದ ಸದ್ದು ಕೇಳಿಸುತ್ತಿತ್ತು.

ಮೂರು ಅಂಕ ಎಷ್ಟು ದೊಡ್ಡದೆಂದು ನಮಗೆ ಗೊತ್ತು. ಅದರಿಂದ ಒಂದು ವರ್ಷ ಹೋಗಿದೆ. ಸೋಲು ಒಳ್ಳೆಯದೆಂದು ಹೇಳುವ ಧೈರ್ಯ ನಮಗಿಲ್ಲ. ಮನೆಯಲ್ಲಿ ಕೂಲಿಯ ಲೆಕ್ಕದ ಮೇಲೆ ದಿನ ದೂಡುವವರಿಗೆ ಅದು ಒಳ್ಳೆಯದಾಗಿರಲು ಸಾಧ್ಯವೂ ಇಲ್ಲ. ಮೇ ತಿಂಗಳಲ್ಲಿ ಒಂದು ವಾರ ಬಚ್ಚಿಟ್ಟ ಸುದ್ದಿಯನ್ನು ಅವನು ಈ ಸಲ ಹತ್ತು ನಿಮಿಷದಲ್ಲಿ ಹೇಳಿದ. ನಾವು ಕಂಡ ವ್ಯತ್ಯಾಸ ಇಷ್ಟೇ. ಬಚ್ಚಿಟ್ಟ ಹುಡುಗ ಬಸ್ ಸ್ಟ್ಯಾಂಡಿನಲ್ಲಿ ಕುಳಿತು ಯಾವ ಬಸ್ಸನ್ನಾದರೂ ಹತ್ತಬಹುದಿತ್ತು. ಎಷ್ಟೋ ಮನೆಗಳಿಂದ ಹಾಗೆ ಹತ್ತಿ ಹೋದ ಮಕ್ಕಳಿದ್ದಾರೆ.

ಇದನ್ನು ಬರೆಯುವ ಹೊತ್ತಿಗೆ ಅವನು ಬರುವ ಮಾರ್ಚ್ ಪರೀಕ್ಷೆಗೆ ಫೀ ಕಟ್ಟಿದ್ದಾನೆ. ಬೆಳಿಗ್ಗೆ ಒಂದು ಗ್ಯಾರೇಜಿಗೆ ಹೋಗುತ್ತಾನೆ, ಸಂಜೆ ಟ್ಯೂಷನ್ನಿಗೆ. ಇಚಲಕರಂಜಿಯ ಮಾತು ಸದ್ಯಕ್ಕೆ ನಿಂತಿದೆ. ಆ ಹಂಗಾಮಿನ ಸೂಪರ್ ಲೀಗಿನಲ್ಲಿ ಕೊನೆಗೆ ಬಂದವರನ್ನು ಕೆಳಗಿನ ಲೀಗಿಗೆ ಇಳಿಸುವ ಪದ್ಧತಿ ಇರಲಿಲ್ಲ. ಹಾಗಾಗಿ ಪರದೆಯ ಮೇಲಿನ ನಮ್ಮ ತಂಡಕ್ಕೂ ಇನ್ನೊಂದು ಹಂಗಾಮು ಸಿಕ್ಕಿತು. ಹೋದ ಭಾನುವಾರ ಅದರ ಮೊದಲ ಪಂದ್ಯ ಆಡಿದೆವು, 1-1. ಕೊನೆಯ ನಿಮಿಷದಲ್ಲಿ ಗೋಲು ಬಿಟ್ಟುಕೊಟ್ಟದ್ದು ನಮ್ಮ ಪಾಳಿಯಲ್ಲಿ.

'ಬರಕೊಂಡ್ರ್ಯಾ?' ಎಂದು ಕಿಟಕಿಯ ಕೆಳಗಿಂದ ಆಪಾ ಕೇಳಿದರು.

ಹುಡುಗ ಆಗಲೇ ಬರೆಯುತ್ತಿದ್ದ.